ಉಪಗ್ರಹ ಇರುವಾಗ 70 ಸಾವಿರ ಅಡಿ ಎತ್ತರದ ವಿಮಾನ ಯಾಕೆ?

ನೀರ್ಚಾಲು ಮಾಷ್ಟ್ರು

ಗಡಿನಾಡಿನ ಗೆಳೆಯರಿಗೆ ನಮಸ್ಕಾರ. ಮುಂದಿನ ವಾರ ನಮ್ಮ ಶಾಲೆಯ ವಿಜ್ಞಾನ ಸಂಘದಲ್ಲಿ ಹೈಸ್ಕೂಲು ಮಕ್ಕಳಿಗೆ ಒಂದು ಗಂಟೆ ಮಾತಾಡಬೇಕು. ವಿಷಯ ನಾನೇ ಆರಿಸಿಕೊಂಡದ್ದು. ಮೋಡಕ್ಕಿಂತ ಎಷ್ಟೋ ಮೇಲೆ ಹಾರಿ ಗಾಳಿ, ಓಝೋನ್, ಸಿಡಿಲು, ನೆಲ ಎಲ್ಲವನ್ನೂ ಅಳೆಯುವ ಸಂಶೋಧನಾ ವಿಮಾನಗಳು. ಇವುಗಳಲ್ಲಿ ನಾಸಾದ ಇಆರ್-2 ಹೆಸರು ಮಾಡಿದ್ದು. ಮಂಗಳೂರಿನಿಂದ ದುಬೈಗೆ ಹೋಗುವ ವಿಮಾನ 35ರಿಂದ 40 ಸಾವಿರ ಅಡಿಯಲ್ಲಿ ಹಾರುತ್ತದೆ. ಇದು 70 ಸಾವಿರ ಅಡಿಯವರೆಗೆ ಹೋಗುತ್ತದೆ, ಅಂದರೆ ಸುಮಾರು 21 ಕಿಲೋಮೀಟರ್. ಅಲ್ಲಿ ತಲುಪಿದಾಗ ವಾತಾವರಣದ ನೂರಕ್ಕೆ 95 ಪಾಲಿಗಿಂತ ಜಾಸ್ತಿ ಗಾಳಿ ವಿಮಾನದ ಕೆಳಗೆ ಇರುತ್ತದೆ.

ಪುಸ್ತಕದಲ್ಲಿರುವುದನ್ನು ಓದಿ ಹೇಳಿದರೆ ಮಕ್ಕಳು ಆಕಳಿಸುತ್ತಾರೆ. ಅವರ ಮೊದಲ ಪ್ರಶ್ನೆ ಯಾವುದೆಂದು ನನಗೆ ಗೊತ್ತುಂಟು: "ಇಸ್ರೋದ ಉಪಗ್ರಹ ಉಂಟಲ್ಲ ಸರ್, ಮತ್ತೆ ವಿಮಾನ ಎಂತಕ್ಕೆ?" ಇದಕ್ಕೆ ಗಟ್ಟಿ ಉತ್ತರ ಬೇಕು. ತಿಳಿದವರು ಬರೆಯಿರಿ.

ತೋಟದ ಬದಿ, ಬದಿಯಡ್ಕ

ಮಾಷ್ಟ್ರೇ, ಮಕ್ಕಳ ಪ್ರಶ್ನೆಯೇ ನನ್ನದೂ. ಅಡಿಕೆಗೆ ಮದ್ದು ಬಿಡುವ ಕಾಲದಲ್ಲಿ ನಾನು ಬೆಳಿಗ್ಗೆ ಎದ್ದ ಕೂಡಲೇ ಮೊಬೈಲಿನಲ್ಲಿ ಇನ್ಸಾಟ್ ಮೋಡದ ಚಿತ್ರ ನೋಡುವವ. ಅರ್ಧ ಗಂಟೆಗೊಂದು ಹೊಸ ಚಿತ್ರ ಬರುತ್ತದೆ, ದುಡ್ಡಿಲ್ಲ. ಹೀಗಿರುವಾಗ ಒಬ್ಬ ಮನುಷ್ಯನನ್ನು ಅಷ್ಟು ಮೇಲೆ ಕಳಿಸುವುದು ಯಾಕೆ ಮಾರಾಯ್ರೇ? ಹೋದರೂ ಅವನು ಅಲ್ಲಿ ನೋಡುವುದು ಎಂತದ್ದು?

ಮಳೆಲೆಕ್ಕ, ಪೆರ್ಲ (ಈಗ ಪುಣೆ)

ನಾನು ಪೆರ್ಲದವಳು. ಪುಣೆಯಲ್ಲಿ ಮೋಡ ಮತ್ತು ಗಾಳಿಯಲ್ಲಿ ತೇಲುವ ಕಣಗಳ ಮೇಲೆ ಕೆಲಸ ಮಾಡುತ್ತೇನೆ. ಇಂಥ ವಿಮಾನಗಳು ತಂದುಕೊಟ್ಟ ಅಳತೆಗಳನ್ನು ದಿನಾ ಬಳಸುತ್ತೇನೆ.

ತೋಟದ ಅಣ್ಣಾ, ಕೊಳೆರೋಗ ಬಂದಿದೆಯಾ ಎಂದು ಮರದ ಬುಡದಲ್ಲಿ ನಿಂತು ಕತ್ತೆತ್ತಿ ನೋಡಿದರೆ ನಿಮಗೆ ಒಂದು ಅಂದಾಜು ಸಿಗುತ್ತದೆ. ಮರ ಹತ್ತಿದವನು ಗೊನೆ ಮುಟ್ಟಿ ಹೇಳಿದರೆ ಅದು ಖಚಿತ. ಉಪಗ್ರಹ ದೂರದಿಂದ ಬೆಳಕು, ಶಾಖ ನೋಡಿ ಲೆಕ್ಕ ಹಾಕುತ್ತದೆ. ವಿಮಾನ ಆ ಗಾಳಿಯೊಳಗೇ ಹೋಗಿ, ಅದನ್ನು ಕೊಳವೆಯಲ್ಲಿ ಎಳೆದುಕೊಂಡು, ಅಲ್ಲೇ ಅಳೆದು ವಾಪಸ್ ಬರುತ್ತದೆ. ಉಪಕರಣ ಕೆಟ್ಟಿದ್ದರೆ ರಾತ್ರಿ ರಿಪೇರಿ ಮಾಡಿ ಮತ್ತೆ ಕಳಿಸಬಹುದು. ಕಕ್ಷೆಗೆ ಹೋದ ಉಪಕರಣವನ್ನು ಹಾಗೆ ಬಿಚ್ಚಲಿಕ್ಕೆ ಆಗುವುದಿಲ್ಲವಲ್ಲ.

ಮಕ್ಕಳಿಗೆ ಓಝೋನ್ ಕಥೆ ಹೇಳಿ ಮಾಷ್ಟ್ರೇ, ಅದಕ್ಕಿಂತ ಒಳ್ಳೆಯ ಉದಾಹರಣೆ ಇಲ್ಲ.

1985ರಲ್ಲಿ ಬ್ರಿಟಿಷ್ ವಿಜ್ಞಾನಿಗಳು ಅಂಟಾರ್ಕ್ಟಿಕದ ನೆಲದ ಮೇಲಿಟ್ಟ ಉಪಕರಣದ ಆಧಾರದಲ್ಲಿ, ಅಲ್ಲಿ ವಸಂತಕಾಲದ ಓಝೋನ್ ವಿಪರೀತ ಇಳಿದಿದೆ ಎಂದು ಪ್ರಕಟಿಸಿದರು. ತೂತು ಎಷ್ಟು ದೊಡ್ಡದು ಎಂದು ಉಪಗ್ರಹ ತೋರಿಸಿತು. ಆದರೆ ಕಾರಣ? ಅದರಲ್ಲಿ ದೊಡ್ಡ ಜಗಳ. ಫ್ರಿಜ್, ಸ್ಪ್ರೇ ಡಬ್ಬಿಗಳ ಅನಿಲವಾದ ಸಿಎಫ್‌ಸಿಯಿಂದ ಬಂದ ಕ್ಲೋರಿನ್ ಎಂದು ಒಂದು ಗುಂಪು. ಗಾಳಿಯ ಸುತ್ತಾಟವೇ ಬದಲಾಗಿದೆ, ಕಡಿಮೆ ಓಝೋನಿನ ಗಾಳಿ ಕೆಳಗಿನಿಂದ ಏರಿ ಬರುತ್ತಿದೆ ಎಂದು ಇನ್ನೊಂದು ಗುಂಪು. ಸೂರ್ಯನ ಚಟುವಟಿಕೆ ಕಾರಣ ಎಂದವರೂ ಇದ್ದರು. ಚಿತ್ರ ನೋಡಿ ಇದನ್ನು ತೀರ್ಮಾನ ಮಾಡಲು ಆಗುವ ಹಾಗಿರಲಿಲ್ಲ.

1987ರ ಆಗಸ್ಟ್, ಸೆಪ್ಟೆಂಬರಿನಲ್ಲಿ ಚಿಲಿ ದೇಶದ ದಕ್ಷಿಣ ತುದಿಯ ಪುಂಟಾ ಅರೆನಾಸ್‌ನಿಂದ ಇಆರ್-2 ಹೊರಟಿತು. ಒಂದೇ ಇಂಜಿನ್, ಒಬ್ಬನೇ ಪೈಲಟ್, ಕೆಳಗೆ ಹಿಮ ಮತ್ತು ಸಮುದ್ರ. ಏನಾದರೂ ಹೆಚ್ಚುಕಮ್ಮಿಯಾದರೆ ಇಳಿಯಲು ಜಾಗವಿಲ್ಲ. ರೆಕ್ಕೆಗೆ ಕಟ್ಟಿದ ಗೂಡಿನೊಳಗೆ ಹಾರ್ವರ್ಡಿನ ಜೇಮ್ಸ್ ಆಂಡರ್ಸನ್ ತಂಡದ ಉಪಕರಣ ಇತ್ತು. ಓಝೋನನ್ನು ತಿನ್ನುವ ಕ್ಲೋರಿನ್ ಮಾನಾಕ್ಸೈಡನ್ನು ಅದು ಅಳೆಯುತ್ತಿತ್ತು. ಜೊತೆಗೆ ಓಝೋನ್ ಅಳೆಯುವ ಉಪಕರಣವೂ ಇತ್ತು. ವಿಮಾನ ದಕ್ಷಿಣಕ್ಕೆ ಹೋಗಿ ಧ್ರುವದ ಸುತ್ತ ತಿರುಗುವ ಗಾಳಿಯ ಸುಳಿಯ ಒಳಗೆ ನುಗ್ಗಿದಾಗ ಕ್ಲೋರಿನ್ ಮಾನಾಕ್ಸೈಡಿನ ಗೆರೆ ಜಿಗ್ಗನೆ ಏರಿತು, ಓಝೋನಿನದ್ದು ಕುಸಿಯಿತು. ಸೆಪ್ಟೆಂಬರ್ 16ರ ಹಾರಾಟದಲ್ಲಂತೂ ಸಣ್ಣ ಸಣ್ಣ ಏರಿಳಿತ ಕೂಡ ಎದುರುಬದುರು ಹೊಂದುತ್ತಿತ್ತು. ಕ್ಲೋರಿನ್ ಎಲ್ಲಿ ಒಂಚೂರು ಜಾಸ್ತಿಯೋ ಅಲ್ಲೇ ಓಝೋನ್ ಒಂಚೂರು ಕಡಿಮೆ. ಆಮೇಲೆ ಗಾಳಿಯದ್ದೇ ತಪ್ಪು ಎನ್ನುವವರಿಗೆ ನಿಲ್ಲಲು ನೆಲ ಉಳಿಯಲಿಲ್ಲ. ಅದೇ ಸೆಪ್ಟೆಂಬರ್ 16ರಂದು ಮಾಂಟ್ರಿಯಲ್‌ನಲ್ಲಿ ಓಝೋನ್ ಉಳಿಸುವ ಒಪ್ಪಂದಕ್ಕೆ ಸಹಿ ಬಿತ್ತು. ಅದು ಆಕಸ್ಮಿಕ, ವಿಮಾನದ ಫಲಿತಾಂಶ ನೋಡಿ ಮಾಡಿದ ಸಹಿ ಅಲ್ಲ. ಆದರೆ 1990ರಲ್ಲಿ ಲಂಡನ್ ಸಭೆಯಲ್ಲಿ ಒಪ್ಪಂದವನ್ನು ಬಿಗಿ ಮಾಡುವಾಗ ಈ ಗೆರೆಗಳು ಎಲ್ಲರ ಕೈಯಲ್ಲಿದ್ದವು.

ಕುಂಬ್ಳೆ ಕೋಸ್ಟ್

ಇದು ಅಮೆರಿಕದ ಬೇಹುಗಾರಿಕೆ ವಿಮಾನದ ತಮ್ಮ ಅಲ್ವಾ ಅಕ್ಕ? ಯು-2?

ಮಳೆಲೆಕ್ಕ

ಹೌದು. ಯು-2 ಮೊದಲು ಹಾರಿದ್ದು 1955ರಲ್ಲಿ. 1960ರ ಮೇ 1ರಂದು ಸೋವಿಯತ್ ನೆಲದ ಮೇಲೆ ಒಂದನ್ನು ಹೊಡೆದುರುಳಿಸಿದ ಮೇಲೆ ಜಗತ್ತಿಗೆಲ್ಲ ಗೊತ್ತಾಯಿತು. 1971ರಲ್ಲಿ ನಾಸಾ ಹಳೆಯ ಯು-2ಗಳನ್ನು ವಿಜ್ಞಾನಕ್ಕೆ ತೆಗೆದುಕೊಂಡಿತು. 1981ರಲ್ಲಿ ಮೊದಲ ಇಆರ್-2 ಬಂತು, 1989ರಲ್ಲಿ ಎರಡನೆಯದು. ಇಆರ್ ಅಂದರೆ ಭೂ ಸಂಪನ್ಮೂಲ ಎಂಬುದರ ಇಂಗ್ಲಿಷ್ ಅಕ್ಷರಗಳು. ಕ್ಯಾಲಿಫೋರ್ನಿಯಾದ ಪಾಮ್‌ಡೇಲ್ ಅದರ ಮನೆ.

ಕುಂಬ್ಳೆ ಕೋಸ್ಟ್

ನಮ್ಮ ವಾಯುಪಡೆಯಲ್ಲಿ 2007ರವರೆಗೆ ಬಾಂಬರ್ ವಿಮಾನ ಕ್ಯಾನ್‌ಬೆರಾ ಇತ್ತು. ನಾಸಾದ ಇನ್ನೊಂದು ಎತ್ತರದ ವಿಮಾನ ಡಬ್ಲ್ಯೂಬಿ-57 ಅದೇ ಕ್ಯಾನ್‌ಬೆರಾದ ವಂಶ. ರೆಕ್ಕೆ ಉದ್ದ ಮಾಡಿದ್ದಾರೆ, ಇಂಜಿನ್ ಬೇರೆ. 60 ಸಾವಿರ ಅಡಿ ದಾಟುತ್ತದೆ, ಇಬ್ಬರು ಕೂರುತ್ತಾರೆ. 2017ರ ಸೂರ್ಯಗ್ರಹಣವನ್ನು ಓಡುತ್ತಾ ಚಿತ್ರ ತೆಗೆದದ್ದು ಅದೇ. ನಾವು ಮ್ಯೂಸಿಯಮ್ಮಿಗೆ ಕಳಿಸಿದ್ದನ್ನು ಅವರು ಇನ್ನೂ ಹಾರಿಸುತ್ತಿದ್ದಾರೆ ನೋಡಿ.

ಮಳೆಲೆಕ್ಕ

ಡಬ್ಲ್ಯೂಬಿ-57ರ ಒಂದು ಕೆಲಸ ಮಕ್ಕಳಿಗೆ ಇಷ್ಟ ಆಗಬಹುದು. ರೆಕ್ಕೆಯ ಕೆಳಗೆ ಒಂದು ಚಪ್ಪಟೆ ಫಲಕಕ್ಕೆ ಸಿಲಿಕೋನ್ ಎಣ್ಣೆ ಸವರಿರುತ್ತಾರೆ. ಅಂಟು ಅಂಟಾಗಿರುತ್ತದೆ. ಮೇಲಕ್ಕೆ ಹೋದ ಮೇಲಷ್ಟೇ ಅದನ್ನು ತೆರೆಯುತ್ತಾರೆ, ಇಳಿಯುವ ಮೊದಲು ಮುಚ್ಚುತ್ತಾರೆ. ಧೂಮಕೇತು, ಕ್ಷುದ್ರಗ್ರಹಗಳಿಂದ ಉದುರಿ ನಿಧಾನ ಇಳಿಯುತ್ತಿರುವ ದೂಳು ಅದಕ್ಕೆ ಅಂಟಿಕೊಳ್ಳುತ್ತದೆ. ಕೂದಲಿನ ದಪ್ಪಕ್ಕಿಂತ ಸಣ್ಣ ಕಣ. ಹ್ಯೂಸ್ಟನ್ನಿನ ಜಾನ್ಸನ್ ಕೇಂದ್ರದಲ್ಲಿ 1981ರಿಂದ ಇಂಥ ದೂಳನ್ನು ಕೂಡಿಡುತ್ತಾ ಬಂದಿದ್ದಾರೆ. ಅಂತರಿಕ್ಷಕ್ಕೆ ಹೋಗದೆಯೇ ಅಂತರಿಕ್ಷದ ವಸ್ತು ಕೈಗೆ ಬಂತು.

ತೋಟದ ಬದಿ

ಕೊಳೆರೋಗದ ಮಾತು ನನಗೆ ಅರ್ಥ ಆಯಿತು ತಂಗಿ. ಆದರೆ ಮರ ಹತ್ತುವವರೇ ಸಿಗುವುದಿಲ್ಲ ಈಗ, ಅದು ಬೇರೆ ವಿಷಯ. ಆ ಪೈಲಟ್ ಅಷ್ಟು ಮೇಲೆ ಉಸಿರಾಡುವುದು ಹೇಗೆ?

ಮಳೆಲೆಕ್ಕ

ಬರೀ ಉಸಿರಿನ ಸಮಸ್ಯೆ ಅಲ್ಲ. ಸುಮಾರು 63 ಸಾವಿರ ಅಡಿಯ ಮೇಲೆ ಗಾಳಿಯ ಒತ್ತಡ ಎಷ್ಟು ಕಡಿಮೆ ಎಂದರೆ, ನಮ್ಮ ಮೈಯ ಬಿಸಿಗೇ ನೀರು ಕುದಿಯುತ್ತದೆ. ಬಾಯಿಯ ಎಂಜಲು, ಕಣ್ಣಿನ ನೀರು ಎಲ್ಲ. ಅದಕ್ಕೇ ಗಗನಯಾತ್ರಿಗಳ ಹಾಗೆ ಒತ್ತಡದ ಉಡುಪು. ಹೊರಡುವ ಮೊದಲು ಒಂದು ಗಂಟೆ ಶುದ್ಧ ಆಮ್ಲಜನಕ ಉಸಿರಾಡಿ ರಕ್ತದಲ್ಲಿರುವ ಸಾರಜನಕವನ್ನು ಹೊರಗೆ ಹಾಕುತ್ತಾರೆ, ಇಲ್ಲದಿದ್ದರೆ ಮೇಲೆ ಹೋದಾಗ ಅದು ಗುಳ್ಳೆಯಾಗಿ ಕೀಲುಗಳಲ್ಲಿ ನೋವು ಕೊಡುತ್ತದೆ.

ಮತ್ತೆ ವೇಗದ ಕಾಟ. ಅಷ್ಟು ತೆಳು ಗಾಳಿಯಲ್ಲಿ ಸ್ವಲ್ಪ ನಿಧಾನವಾದರೆ ವಿಮಾನ ಬೀಳುತ್ತದೆ, ಸ್ವಲ್ಪ ವೇಗವಾದರೆ ನಡುಗಿ ಮುರಿಯುವ ಅಪಾಯ. ಎರಡು ವೇಗಗಳ ನಡುವೆ ಕೆಲವೇ ನಾಟ್ (ವಿಮಾನದ ವೇಗದ ಅಳತೆ) ಅಂತರ. ಆ ಅಂತರದಲ್ಲಿ ಎಂಟು ಗಂಟೆ.

ಇಳಿಯುವುದನ್ನು ವಿಡಿಯೋದಲ್ಲಿ ನೋಡಿ. ನನಗಂತೂ ಅದು ನೋಡಿ ಸಾಕಾಗುವುದಿಲ್ಲ. ರೆಕ್ಕೆಯ ತುದಿಯಿಂದ ತುದಿಗೆ 31 ಮೀಟರಿಗಿಂತ ಜಾಸ್ತಿ, ಆದರೆ ಚಕ್ರ ಇರುವುದು ಹೊಟ್ಟೆಯ ಕೆಳಗೆ ಮಾತ್ರ, ಒಂದರ ಹಿಂದೆ ಒಂದು. ಏರುವಾಗ ರೆಕ್ಕೆಗಳಿಗೆ ಊರುಗಾಲಿನಂತೆ ಸಣ್ಣ ಚಕ್ರದ ಕೋಲು ಸಿಕ್ಕಿಸಿರುತ್ತಾರೆ, ನೆಲ ಬಿಡುತ್ತಿದ್ದಂತೆ ಅವು ಕಳಚಿ ರನ್‌ವೇಯಲ್ಲಿ ಬೀಳುತ್ತವೆ. ಇಳಿಯುವಾಗ ಅವು ಇಲ್ಲ. ಹೆಲ್ಮೆಟ್, ಉಡುಪಿನ ಮಧ್ಯೆ ಪೈಲಟ್‌ಗೆ ನೆಲ ಸರಿಯಾಗಿ ಕಾಣುವುದಿಲ್ಲ. ಹಾಗಾಗಿ ಇನ್ನೊಬ್ಬ ಪೈಲಟ್ ಕಾರಿನಲ್ಲಿ ವಿಮಾನದ ಹಿಂದೆಯೇ ರನ್‌ವೇಯಲ್ಲಿ ನುಗ್ಗಿಸಿಕೊಂಡು ಹೋಗುತ್ತಾ, ನೆಲಕ್ಕೆ ಇನ್ನೆಷ್ಟು ಅಡಿ ಎಂದು ರೇಡಿಯೋದಲ್ಲಿ ಹೇಳುತ್ತಾನೆ. ನಿಂತ ಮೇಲೆ ವಿಮಾನ ಒಂದು ಪಕ್ಕಕ್ಕೆ ವಾಲಿ ರೆಕ್ಕೆಯ ತುದಿ ನೆಲಕ್ಕೆ ತಾಗುತ್ತದೆ. ಆಗ ಜನ ಓಡಿ ಬಂದು ರೆಕ್ಕೆ ಎತ್ತಿ ಆ ಕೋಲುಗಳನ್ನು ಮತ್ತೆ ಸಿಕ್ಕಿಸಬೇಕು.

ಸ್ವರ್ಗದ ದಾರಿ, ಎಣ್ಮಕಜೆ

ಚರ್ಚೆ ಚೆನ್ನಾಗಿದೆ. ಆದರೆ ಮಾಷ್ಟ್ರೇ, ನಮ್ಮ ಊರಿನ ಶಾಲೆಯಲ್ಲಿ "ವಿಜ್ಞಾನದ ವಿಮಾನ" ಎಂದು ಮಾತು ಶುರು ಮಾಡಿದರೆ ಹಿಂದೆ ಕುಳಿತ ಹಿರಿಯರು ಏನು ಯೋಚಿಸುತ್ತಾರೆ ಗೊತ್ತಾ? ಇಲ್ಲಿ ತಲೆಯ ಮೇಲೆ ಹಾರಿದ್ದು ಹೆಲಿಕಾಪ್ಟರ್. 1970ರ ದಶಕದ ಕೊನೆಯಿಂದ 2000ದವರೆಗೆ ಗುಡ್ಡದ ಗೇರು ತೋಟಗಳಿಗೆ ಮೇಲಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಬಿಟ್ಟರು. ಬಾವಿ ಮುಚ್ಚಿಕೊಳ್ಳಿ ಎಂದು ಹೇಳುತ್ತಿದ್ದರು. ಬಾವಿಯನ್ನೇನೋ ಮುಚ್ಚಬಹುದು, ಗುಡ್ಡದ ಬಸಿ ನೀರು ಹರಿದು ಬರುವ ಸುರಂಗವನ್ನು ಯಾವುದರಿಂದ ಮುಚ್ಚುವುದು? ಆಗಲೂ ಅದನ್ನು ವಿಜ್ಞಾನ ಎಂದೇ ಹೇಳಿದ್ದು. ಹಾಗಾಗಿ ಇಲ್ಲಿಯವರ ಮೊದಲ ಪ್ರಶ್ನೆ ಬೇರೆ: ಆ ವಿಮಾನ ಕೆಳಗೆ ಎಂತ ಬಿಡುತ್ತದೆ?

ನೀರ್ಚಾಲು ಮಾಷ್ಟ್ರು

ಈ ಪ್ರಶ್ನೆ ನನ್ನ ಟಿಪ್ಪಣಿಯಲ್ಲಿ ಇರಲೇಬೇಕು. ನನ್ನ ತರಗತಿಯಲ್ಲಿ ಆ ವಿಷದಿಂದ ನೊಂದ ಮನೆಗಳ ಮಕ್ಕಳೂ ಇದ್ದಾರೆ.

ಮಳೆಲೆಕ್ಕ

ಪೆರ್ಲದಿಂದ ಆ ವಿಷಕ್ಕೆ ನಲುಗಿದ ಪಡ್ರೆ ಎಷ್ಟು ದೂರ ಎಂದು ನಿಮಗೇ ಗೊತ್ತು, ನಾನು ಆ ಪ್ರಶ್ನೆ ಕೇಳುತ್ತಲೇ ಬೆಳೆದವಳು. ನೇರ ಉತ್ತರ: ಇಆರ್-2, ಡಬ್ಲ್ಯೂಬಿ-57 ಈ ಕೆಲಸಗಳಲ್ಲಿ ಕೆಳಗೆ ಸಿಂಪಡಿಸುವುದಿಲ್ಲ. ಇಂಧನದ ಹೊಗೆ ಎಲ್ಲ ವಿಮಾನದ ಹಾಗೆ ಇದ್ದೇ ಇದೆ. ಉಳಿದದ್ದು ಗಾಳಿ ಒಳಗೆಳೆಯುವುದು, ಕೆಳಗೆ ನೋಡುವುದು, ಲೇಸರ್ ಅಥವಾ ರೇಡಾರ್ ಅಲೆ ಬಿಟ್ಟು ಅದು ಹಿಂದಿರುಗುವುದನ್ನು ಕೇಳುವುದು. ಕೆಲವೊಮ್ಮೆ ಇಂಥ ವಿಮಾನಗಳಿಂದ ಗಾಳಿ ಅಳೆಯುವ ಸಣ್ಣ ಕೊಳವೆ ಇಳಿಸುವುದುಂಟು, ಹೆಚ್ಚಾಗಿ ಸಮುದ್ರದ ಮೇಲೆ.

ಇನ್ನೊಂದು ವಿಷಯ. ಎಂಡೋಸಲ್ಫಾನ್ ಸಿಂಪಡಿಸಿದ ಜಾಗದಲ್ಲೇ ಕೂರುವ ಜಾತಿಯದ್ದಲ್ಲ. ಆವಿಯಾಗಿ ಗಾಳಿಯಲ್ಲಿ ಬಹು ದೂರ ಹೋಗುತ್ತದೆ, ಯಾರೂ ಸಿಂಪಡಿಸದ ಆರ್ಕ್ಟಿಕ್‌ನಲ್ಲೂ ಸಿಕ್ಕಿದೆ. 2011ರಲ್ಲಿ, ಬೇಗ ಕರಗದ ವಿಷಗಳ ಬಗೆಗಿನ ಅಂತರರಾಷ್ಟ್ರೀಯ ಸ್ಟಾಕ್‌ಹೋಮ್ ಒಪ್ಪಂದದ ನಿಷೇಧ ಪಟ್ಟಿಗೆ ಅದನ್ನು ಸೇರಿಸುವಾಗ ಈ ದೂರ ಪ್ರಯಾಣವೂ ಒಂದು ಕಾರಣವಾಗಿತ್ತು. ಗಾಳಿಯನ್ನು ಅಳೆಯುವವರು ಇರದಿದ್ದರೆ ಆ ವಾದಕ್ಕೆ ಪುರಾವೆ ಇರುತ್ತಿರಲಿಲ್ಲ.

ಅಕ್ಕಲಕೋಟದ ಬಿಳಿಜೋಳ

ನಮಸ್ಕಾರ್ರೀ. ಕೆಳಗ ಏನರ ಬಿಡೋ ವಿಮಾನ ನಮ್ಮ ಕಡೆ ಬಂದಿತ್ತು, ಅದಕ್ಕೇ ಬರೆಯುತ್ತಿದ್ದೇನೆ. 2018 ಮತ್ತು 2019ರ ಮಳೆಗಾಲದಲ್ಲಿ ಸೊಲ್ಲಾಪುರದಿಂದ ಪುಣೆಯ ಹವಾಮಾನ ಸಂಶೋಧನಾ ಸಂಸ್ಥೆ ಐಐಟಿಎಂನವರ ವಿಮಾನಗಳು ಮೋಡದ ಹಿಂದೆ ಬಿದ್ದಿದ್ದವು. ಕೈಪೀಕ್ಸ್ ಅಂತ ಹೆಸರು. ನಮ್ಮದು ಮಳೆ ನೆರಳಿನ ಸೀಮೆ, ಮೋಡ ಬರುತ್ತದೆ, ಹೋಗುತ್ತದೆ, ಹನಿ ಬೀಳುವುದಿಲ್ಲ. ಊರಾಗ ಅರ್ಧ ಜನ ಮಳಿ ತರಸ್ತಾರ ಅಂದರು, ಇನ್ನರ್ಧ ಇದ್ದ ಮೋಡಾನೂ ಓಡಸ್ತಾರ ಅಂದರು. ಯಾರು ಖರೆ?

ಮಳೆಲೆಕ್ಕ

ಇಬ್ಬರೂ ಜಾಸ್ತಿ ಹೇಳಿದರು. ಅಲ್ಲಿ ಒಂದು ವಿಮಾನ ಮೋಡದೊಳಗಿನ ಹನಿ ಅಳೆಯುತ್ತಿತ್ತು, ಇನ್ನೊಂದು ರೆಕ್ಕೆಗೆ ಕಟ್ಟಿದ ಬತ್ತಿ ಉರಿಸಿ ಮೋಡದ ಬುಡದಲ್ಲಿ ಕ್ಯಾಲ್ಸಿಯಂ ಕ್ಲೋರೈಡಿನ ಸಣ್ಣ ಕಣ ಬಿಡುತ್ತಿತ್ತು. ಉಪ್ಪಿನ ಜಾತಿಯದ್ದು, ನೀರನ್ನು ಎಳೆದುಕೊಳ್ಳುತ್ತದೆ. ಯಾವ ಮೋಡಕ್ಕೆ ಬಿಡಬೇಕು, ಯಾವುದಕ್ಕೆ ಬಿಡಬಾರದು ಎಂಬುದನ್ನು ಚೀಟಿ ಎತ್ತಿದ ಹಾಗೆ ನಿರ್ಧಾರ ಮಾಡಿದರು, ವಿಜ್ಞಾನಿಯ ಮನಸ್ಸಿಗೆ ಬಂದ ಹಾಗಲ್ಲ. ಹಾಗೆ ಎರಡು ವರ್ಷದಲ್ಲಿ 276 ಮೋಡ. 2023ರಲ್ಲಿ ಫಲಿತಾಂಶ ಪ್ರಕಟವಾಯಿತು: ತಕ್ಕ ಮೋಡ ಸಿಕ್ಕಾಗ, ಗಾಳಿ ಬೀಸುವ ಕಡೆಯ ಸುಮಾರು 100 ಚದರ ಕಿಲೋಮೀಟರ್ ಜಾಗದಲ್ಲಿ ಮಳೆ ಸುಮಾರು ಶೇ 18ರಷ್ಟು ಹೆಚ್ಚಿತ್ತು. ಮೋಡವೇ ಇಲ್ಲದ ದಿನ ಯಾವ ಬತ್ತಿಯೂ ಕೆಲಸ ಮಾಡುವುದಿಲ್ಲ. ಬರಗಾಲ ನೀಗಿಸುತ್ತೇವೆ ಎಂದು ಯಾರಾದರೂ ಭಾಷಣ ಮಾಡಿದರೆ ನಂಬಬೇಡಿ.

ಸ್ವರ್ಗದ ದಾರಿ

ಬಿಡುವ ಮೊದಲು ಕೆಳಗಿನ ಊರಿಗೆ ತಿಳಿಸಿದ್ದರಾ? ನನಗೆ ಬೇಕಾದ್ದು ಅಷ್ಟೇ.

ಅಕ್ಕಲಕೋಟದ ಬಿಳಿಜೋಳ

ಪೇಪರಿನಾಗ ಬಂದಿತ್ತು. ನಮ್ಮ ಹೊಲಕ್ಕ ಬಂದು ಯಾರೂ ಹೇಳಲಿಲ್ಲ. ನಿಮ್ಮ ಮಾತು ಖರೆ ಅದರೀ, ಹೇಳಬೇಕಿತ್ತು.

ಆದೋನಿ ಹತ್ತಿ

ನಮ್ಮ ಕಡೆ ಆಕಾಶದಿಂದ ಬೀಳುವುದು ಬಲೂನಿನ ಪೆಟ್ಟಿಗೆ! ಹೈದರಾಬಾದಿನಲ್ಲಿರುವ ಟಾಟಾ ಸಂಶೋಧನಾ ಸಂಸ್ಥೆಯ (ಟಿಐಎಫ್ಆರ್) ಬಲೂನು ಕೇಂದ್ರದಿಂದ ಬಿಡುತ್ತಾರೆ, 30 ಕಿಲೋಮೀಟರಿಗೂ ಮೇಲೆ ಹೋಗುತ್ತದೆ. ಕೆಲಸ ಮುಗಿದ ಮೇಲೆ ಪ್ಯಾರಾಚೂಟಿನಲ್ಲಿ ಉಪಕರಣ ಇಳಿಯುತ್ತದೆ. ಆಂಧ್ರ, ತೆಲಂಗಾಣ, ಕರ್ನಾಟಕ, ಮಹಾರಾಷ್ಟ್ರ, ಗಾಳಿ ಎತ್ತ ಒಯ್ದರೆ ಅತ್ತ. ಮುಟ್ಟಬೇಡಿ, ಪೊಲೀಸರಿಗೆ ತಿಳಿಸಿ ಎಂದು ಮೊದಲೇ ಪ್ರಕಟಣೆ ಕೊಡುತ್ತಾರೆ. ಆದರೂ ಜನ ಸೇರಿ ಸೆಲ್ಫಿ ತೆಗೆದೇ ತೆಗೆಯುತ್ತಾರೆ. ಬಲೂನು ವಿಮಾನಕ್ಕಿಂತ ಮೇಲೆ ಹೋಗುತ್ತದಲ್ಲ, ಅದೇ ಸಾಕಲ್ವಾ?

ಮಳೆಲೆಕ್ಕ

ಎತ್ತರದಲ್ಲಿ ಬಲೂನೇ ಮುಂದೆ, ಖರ್ಚೂ ಕಡಿಮೆ. ಆದರೆ ನೀವೇ ಹೇಳಿದಿರಲ್ಲ, ಗಾಳಿ ಒಯ್ದತ್ತ ಹೋಗುತ್ತದೆ. ವಿಮಾನಕ್ಕೆ "ಹಿಂದೆ ತಿರುಗು" ಎನ್ನಬಹುದು. ಇದು ಎಷ್ಟು ಮುಖ್ಯ ಎಂದು ಸಿಡಿಲಿನ ಕೆಲಸದಲ್ಲಿ ಗೊತ್ತಾಯಿತು.

2023ರ ಜುಲೈಯಲ್ಲಿ ಇಆರ್-2 ಫ್ಲೋರಿಡಾದಿಂದ ಹೊರಟು ಕೆರಿಬಿಯನ್, ಮಧ್ಯ ಅಮೆರಿಕದ ಗುಡುಗು ಮೋಡಗಳ ನೆತ್ತಿಯ ಮೇಲೆ ಹಾರಿತು. ಅಲಾಫ್ಟ್ ಎಂದು ಆ ಯೋಜನೆಯ ಹೆಸರು. ಗುಡುಗು ಮೋಡದಿಂದ ಗಾಮಾ ಕಿರಣದ ಮಿಂಚು ಬರುತ್ತದೆ ಎಂದು 1990ರ ದಶಕದಲ್ಲೇ ಉಪಗ್ರಹ ಕಂಡುಹಿಡಿದಿತ್ತು. ಆದರೆ ಉಪಗ್ರಹಕ್ಕೆ ಕಾಣುವುದು ತುಂಬಾ ಜೋರಿನದ್ದು ಮಾತ್ರ. ವಿಮಾನದ ಅಳತೆ ನೆಲಕ್ಕೆ ಆಗಿಂದಾಗಲೇ ಬರುತ್ತಿತ್ತು. ಮೋಡ ಗಾಮಾ ಕಿರಣದಲ್ಲಿ ಹೊಳೆಯುತ್ತಿದೆ ಎಂದು ಪರದೆಯಲ್ಲಿ ಕಂಡ ಕೂಡಲೇ ವಿಜ್ಞಾನಿಗಳು ಪೈಲಟ್‌ಗೆ ಹೇಳಿ ಅದೇ ಮೋಡದ ಮೇಲೆ ಮತ್ತೆ ಮತ್ತೆ ಸುತ್ತಿಸಿದರು. 2024ರ ಅಕ್ಟೋಬರಿನಲ್ಲಿ 'ನೇಚರ್' ಪತ್ರಿಕೆಯಲ್ಲಿ ಬಂತು: ಉಷ್ಣವಲಯದ ದೊಡ್ಡ ಗುಡುಗು ಮೋಡಗಳು ಗಂಟೆಗಟ್ಟಲೆ, ಸಾವಿರಾರು ಚದರ ಕಿಲೋಮೀಟರ್ ಅಗಲಕ್ಕೆ ಹೀಗೆ ಹೊಳೆಯುತ್ತವೆ. ನಡುವೆ ಮಿನುಗಿ ಮಿನುಗಿ ಬರುವ ಒಂದು ಹೊಸ ಬಗೆಯೂ ಸಿಕ್ಕಿತು, ಅದನ್ನು ಮೊದಲು ಯಾರೂ ಕಂಡಿರಲಿಲ್ಲ.

ತೋಟದ ಬದಿ

ಅಯ್ಯೋ, ತುಲಾ ತಿಂಗಳ ಸಂಜೆ ಗುಡುಗಿಗೆ ನಮ್ಮ ಪಂಪಿನ ಸ್ಟಾರ್ಟರ್, ಮೋಡೆಮ್ ಎಲ್ಲ ಹೋಗುತ್ತದೆ. ಇನ್ನು ಈ ಗಾಮಾ ಕಿರಣ ಬೇರೆ ಮೈಗೆ ತಾಗುತ್ತದಾ?

ಮಳೆಲೆಕ್ಕ

ಇಲ್ಲ ಅಣ್ಣಾ. ಅದು ಹುಟ್ಟುವುದು ಮೋಡದ ಮೇಲಿನ ಭಾಗದಲ್ಲಿ, ಕೆಳಗೆ ಬರುವಷ್ಟರಲ್ಲಿ ದಪ್ಪ ಗಾಳಿ ನುಂಗಿಬಿಡುತ್ತದೆ. ನಿಮ್ಮನ್ನು ಕೊಲ್ಲುವುದು ಸಿಡಿಲಿನ ಕರೆಂಟು. ಗುಡುಗು ಕೇಳಿದ ಕೂಡಲೇ ತೋಟ ಬಿಟ್ಟು ಒಳಗೆ ಬನ್ನಿ, ಪ್ಲಗ್ ಮೊದಲೇ ಕಿತ್ತಿಡಿ.

ಕುಂಬ್ಳೆ ಕೋಸ್ಟ್

ನಮ್ಮ ಮುಂಗಾರಿನ ಮೇಲೆ ಯಾರೂ ಹೀಗೆ ಹಾರಿಲ್ಲವಾ?

ಮಳೆಲೆಕ್ಕ

ಹಾರಿದ್ದಾರೆ. ಆದರೆ ವಿಮಾನ ನಮ್ಮದಲ್ಲ. 2017ರ ಜುಲೈ, ಆಗಸ್ಟಿನಲ್ಲಿ ರಷ್ಯಾದ ಎಂ-55 ಜಿಯೋಫಿಸಿಕಾ ಕಾಠ್ಮಂಡುವಿನಿಂದ ಹಾರಿತು. ಯುರೋಪಿನವರ ಸ್ಟ್ರಾಟೋಕ್ಲಿಮ್ ಯೋಜನೆ. ಮಳೆಗಾಲದಲ್ಲಿ ನಮ್ಮ ನೆತ್ತಿಯ ಮೇಲೆ ಸುಮಾರು 13ರಿಂದ 18 ಕಿಲೋಮೀಟರ್ ನಡುವೆ ಕಣಗಳ ಒಂದು ಪದರ ಇರುವುದನ್ನು ಉಪಗ್ರಹ 2011ರ ಹೊತ್ತಿಗೆ ತೋರಿಸಿತ್ತು. ಆದರೆ ಯಾವುದರ ಕಣ? ವಿಮಾನ ಅದರೊಳಗೆ ಹೋಗಿ ಬಂದ ಮೇಲೆ ತಿಳಿಯಿತು, ಅದರಲ್ಲಿ ಅಮೋನಿಯಂ ನೈಟ್ರೇಟ್ ಬಹಳಷ್ಟಿದೆ. ಗದ್ದೆಗೆ ಹಾಕಿದ ಯೂರಿಯಾ, ಹಟ್ಟಿಯ ಗಂಜಲ ಇವುಗಳಿಂದ ಏಳುವ ಅಮೋನಿಯಾವನ್ನು ಮುಂಗಾರಿನ ಮೋಡಗಳು ಅಷ್ಟು ಮೇಲಕ್ಕೆ ಎತ್ತಿಕೊಂಡು ಹೋಗುತ್ತವೆ.

ಇದೇ ನನ್ನ ಹೊಟ್ಟೆಯುರಿ. ಮಳೆ ನಮ್ಮದು, ಯೂರಿಯಾ ನಮ್ಮದು, ಅಳೆಯಲು ಬಾಡಿಗೆ ವಿಮಾನ ನೇಪಾಳದಿಂದ ಬರಬೇಕು. ಅಷ್ಟು ಎತ್ತರಕ್ಕೆ ಹೋಗುವ ವಿಜ್ಞಾನದ ವಿಮಾನ ಭಾರತದ ಹತ್ತಿರ ಇಲ್ಲ. ಚಂದ್ರನಿಗೆ ಹೋಗುವ ದೇಶಕ್ಕೆ ಇದು ಆಗದ ಕೆಲಸ ಏನಲ್ಲ. ಟಿವಿಯಲ್ಲಿ ಕೌಂಟ್‌ಡೌನ್ ಇರುವುದಿಲ್ಲ, ಅದಕ್ಕೇ ಯಾರಿಗೂ ಹಟ ಇಲ್ಲ ಎಂದು ನನ್ನ ಅನಿಸಿಕೆ.

ತೋಟದ ಬದಿ

ಒಪ್ಪಿದೆ. ಉಪಗ್ರಹ ಪದರ ಉಂಟು ಎಂದಿತು, ವಿಮಾನ ಅದು ನನ್ನ ಹಟ್ಟಿಯದ್ದು ಎಂದಿತು. ಮಾಷ್ಟ್ರೇ, ಇದನ್ನು ಮಕ್ಕಳಿಗೆ ಹೇಳಿ, ಓಝೋನಿಗಿಂತ ಇದು ಹತ್ತಿರ.

ನೀರ್ಚಾಲು ಮಾಷ್ಟ್ರು

ಎರಡನ್ನೂ ಹೇಳುತ್ತೇನೆ. ಒಂಬತ್ತನೆಯ ತರಗತಿಯ ಒಬ್ಬ ಈಗಲೇ ಒಂದು ಪ್ರಶ್ನೆ ಕೊಟ್ಟಿದ್ದಾನೆ: "ಎಂಟು ಗಂಟೆ ಹೆಲ್ಮೆಟ್ ತೆಗೆಯದೆ ಕೂತರೆ ಊಟ ಹೇಗೆ ಸರ್?"

ಮಳೆಲೆಕ್ಕ

ಟೂತ್‌ಪೇಸ್ಟಿನಂಥ ಟ್ಯೂಬಿನಲ್ಲಿ ಅರೆದ ಊಟ. ಹೆಲ್ಮೆಟ್ಟಿನಲ್ಲಿ ಒಂದು ಸಣ್ಣ ತೂತು ಇರುತ್ತದೆ, ಟ್ಯೂಬಿನ ಕೊಳವೆಯನ್ನು ಅದರೊಳಗೆ ತೂರಿಸಿ ಹಿಂಡಿಕೊಳ್ಳುವುದು. ಬಿಸಿ ಮಾಡಿಕೊಳ್ಳುವ ವ್ಯವಸ್ಥೆಯೂ ಉಂಟು.

ಅಕ್ಕಲಕೋಟದ ಬಿಳಿಜೋಳ

ಝುಣಕ ಹಿಂಡಬಹುದು. ರೊಟ್ಟಿದು ಏನ್ ಮಾಡ್ತೀರಿ?